ಬಾಣಂತಿಯ ಮನಸ್ಸಿಗೂ ಆರೈಕೆ ಬೇಕು: ಪದೇ ಪದೇ ಕೇಳುವ ಪ್ರಶ್ನೆಗಳು

ನನಗೆ ಎರಡು ಬಾಣಂತನ ಆಗಿದೆ. ಮೊದಲನೆಯದು ಸಾಗರದ ಹತ್ತಿರದ ತವರುಮನೆಯಲ್ಲಿ. ಎರಡನೆಯದು ಬೆಂಗಳೂರಿನ ಬಾಡಿಗೆ ಮನೆಯಲ್ಲಿ, ಸಿಸೇರಿಯನ್ ಹೊಲಿಗೆಯ ಜೊತೆ. ಮೊದಲ ಸಲ ಮೈಗೆ ಬೇಕಾದ್ದೆಲ್ಲ ಸಿಕ್ಕಿತು. ಎಣ್ಣೆ, ಬಿಸಿನೀರು, ಅಂಟಿನುಂಡೆ, ಮೆಣಸಿನ ಸಾರು, ಒಂದಕ್ಕೂ ಕೊರತೆ ಇರಲಿಲ್ಲ. ಆದರೆ ಮನಸ್ಸು ಹೇಗಿದೆ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ. ಎರಡನೇ ಸಲದ ಹೊತ್ತಿಗೆ ಸ್ವಲ್ಪ ಕಲಿತಿದ್ದೆ. ಈಗ ಹೊಸ ತಾಯಂದಿರ ಜೊತೆ ಮನಸ್ಸಿನ ಆರೈಕೆ, ಮೈಂಡ್‌ಫುಲ್‌ನೆಸ್ ಬಗ್ಗೆ ಮಾತಿಗೆ ಕೂತಾಗ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಬರೆದಿದ್ದೇನೆ. ನಾನು ಡಾಕ್ಟರ್ ಅಲ್ಲ. ಡಾಕ್ಟರ್ ಹತ್ತಿರ ಹೋಗಲೇಬೇಕಾದ ಕಡೆ ಹಾಗೇ ಬರೆದಿದ್ದೇನೆ. ಎಲ್ಲ ಓದಬೇಕಾಗಿಲ್ಲ, ನಿಮಗೆ ಬೇಕಾದ ಪ್ರಶ್ನೆ ಮಾತ್ರ ಓದಿ.

ಮೈಂಡ್‌ಫುಲ್‌ನೆಸ್ ಅಂದರೆ ಏನು? ಧ್ಯಾನವೇ ತಾನೆ?

ಈಗ ಏನು ನಡೆಯುತ್ತಿದೆಯೋ ಅದರ ಮೇಲೆ ಮನಸ್ಸಿಡುವುದು. ಅದು ಸರಿ, ಇದು ತಪ್ಪು ಅಂತ ತೂಗದೆ ನೋಡುವುದು. ಕಣ್ಣು ಮುಚ್ಚಿ ಕೂತು ಧ್ಯಾನ ಮಾಡುವುದು ಅದಕ್ಕೆ ಒಂದು ದಾರಿ, ಅದೊಂದೇ ದಾರಿ ಅಲ್ಲ. ಅಕ್ಕಿ ಆರಿಸುವ ಅಜ್ಜಿಯನ್ನು ನೋಡಿದ್ದೀರಲ್ವಾ? ಸುತ್ತ ಮಾತು ನಡೆಯುತ್ತಿರುತ್ತದೆ, ಮಕ್ಕಳು ಓಡಾಡುತ್ತಿರುತ್ತಾರೆ, ಅವಳ ಕಣ್ಣು ಮಾತ್ರ ಮೊರದ ಮೇಲೆ. ಆಚೀಚೆ ಹೋದರೂ ಮತ್ತೆ ಮೊರಕ್ಕೇ ಬರುತ್ತದೆ. ಹಾಗೆ ಮತ್ತೆ ಬರುವುದನ್ನೇ ಅಭ್ಯಾಸ ಅನ್ನುವುದು.

ಇದರ ಬೇರು ಬೌದ್ಧ ಧ್ಯಾನದಲ್ಲಿದೆ. ಪಾಳಿಯಲ್ಲಿ ಇದಕ್ಕೆ ‘ಸತಿ’ ಅನ್ನುತ್ತಾರೆ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಜಾನ್ ಕಬಟ್-ಜಿನ್ ಇದನ್ನು ಕೆಲವು ವಾರಗಳ ತರಗತಿಯಾಗಿ ರೋಗಿಗಳಿಗೆ ಕಲಿಸಲು ಶುರು ಮಾಡಿದರು. 1998ರಲ್ಲಿ ನ್ಯಾನ್ಸಿ ಬಾರ್ಡಾಕೆ ಅನ್ನುವ ನರ್ಸ್, ಅವರು ಹೆರಿಗೆ ಮಾಡಿಸುವವರೂ ಹೌದು, ಅದನ್ನು ಗರ್ಭಿಣಿಯರಿಗೂ ಹೊಸ ತಂದೆತಾಯಿಗೂ ಹೊಂದಿಸಿದರು.

ಇದರಿಂದ ನಿಜವಾಗಲೂ ಉಪಯೋಗ ಇದೆಯಾ?

ಇದೆ, ಆದರೆ ಇದು ಮಂತ್ರದಂಡ ಅಲ್ಲ. ಹಿಂದೆ ಖಿನ್ನತೆ ಬಂದು ಹೋಗಿದ್ದ 86 ಗರ್ಭಿಣಿಯರ ಮೇಲೆ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಮೈಂಡ್‌ಫುಲ್‌ನೆಸ್‌ನ ಎಂಟು ವಾರದ ತರಗತಿಗೆ ಸೇರಿದವರಲ್ಲಿ, ಹೆರಿಗೆಯಾಗಿ ಆರು ತಿಂಗಳಾಗುವುದರೊಳಗೆ ಸುಮಾರು ಶೇ 18ರಷ್ಟು ಮಂದಿಗೆ ಖಿನ್ನತೆ ಮರಳಿತು. ಮಾಮೂಲಿ ಆರೈಕೆ ಪಡೆದವರಲ್ಲಿ ಇದು ಸುಮಾರು ಶೇ 50. ವ್ಯತ್ಯಾಸ ದೊಡ್ಡದು. ಆದರೆ ಅಧ್ಯಯನ ಚಿಕ್ಕದು, ಮತ್ತೆ ಅವರಿಗೆಲ್ಲ ಕಲಿತವರು ಕೂತು ಹೇಳಿಕೊಟ್ಟಿದ್ದರು. ಮೊಬೈಲಿನಲ್ಲಿ ಎರಡು ವಿಡಿಯೊ ನೋಡಿದರೆ ಅಷ್ಟೇ ಫಲ ಸಿಗುತ್ತದೆ ಅಂತ ನಾನು ಹೇಳಲಾರೆ.

ಹೆರಿಗೆಯಾಗಿ ಎಷ್ಟು ದಿನಕ್ಕೆ ಶುರು ಮಾಡಬಹುದು?

ಮನಸ್ಸಿಡುವುದಕ್ಕೆ ಪಥ್ಯ ಇಲ್ಲ, ಆಸ್ಪತ್ರೆ ಮಂಚದ ಮೇಲೇ ಶುರು ಮಾಡಬಹುದು. ಆದರೆ ಕಪಾಲಭಾತಿ, ಭಸ್ತ್ರಿಕೆ, ಉಸಿರು ಬಿಗಿಹಿಡಿಯುವ ಪ್ರಾಣಾಯಾಮ, ಹೊಟ್ಟೆ ಎಳೆದುಕೊಳ್ಳುವ ಆಸನ, ಇವು ಯಾವುದೂ ಈಗ ಬೇಡ. ಡಾಕ್ಟರ್ ಸರಿ ಅಂದ ಮೇಲೆ ನೋಡಿದರಾಯಿತು. ಹೆರಿಗೆಯಾದ ತಕ್ಷಣ ಗರ್ಭಕೋಶ ಸುಮಾರು ಒಂದು ಕಿಲೋ ತೂಗುತ್ತದೆ. ಅದು ಮೊದಲಿನ ಗಾತ್ರಕ್ಕೆ ಮರಳಲು ಸುಮಾರು ಆರು ವಾರ ಬೇಕು. ಒಳಗೆ ಅಷ್ಟು ದೊಡ್ಡ ಕೆಲಸ ನಡೆಯುತ್ತಿರುವಾಗ ಮೈಯನ್ನು ಅದರ ಪಾಡಿಗೆ ಬಿಡಿ.

ಕೂರೋಕೇ ಪುರುಸೊತ್ತಿಲ್ಲ. ಇದಕ್ಕೆ ಟೈಮ್ ಎಲ್ಲಿಂದ ತರಲಿ?

ತರಬೇಡಿ. ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ. ಮಾಡಬೇಕಾದ ಕೆಲಸಗಳ ಸಾಲಿಗೆ ಧ್ಯಾನ ಅನ್ನುವುದೂ ಸೇರಿ, ಅದು ತಪ್ಪಿದ್ದಕ್ಕೆ ಇನ್ನೊಂದು ತಪ್ಪಿತಸ್ಥ ಭಾವನೆ ಹುಟ್ಟಿದರೆ, ಅಂಥ ಧ್ಯಾನ ಬೇಡವೇ ಬೇಡ. ನಿದ್ದೆಯೋ ಧ್ಯಾನವೋ ಅಂತ ಬಂದರೆ ಯಾವಾಗಲೂ ನಿದ್ದೆ.

ಹೇಗೂ ಮಾಡುತ್ತಿರುವ ಕೆಲಸವನ್ನೇ ಹಿಡಿದುಕೊಳ್ಳಿ. ಲಂಗೋಟಿ ಬದಲಿಸುವಾಗ ಮಗುವಿನ ಅಂಗಾಲು ನಿಮ್ಮ ಅಂಗೈಗೆ ತಾಗುತ್ತದಲ್ಲ, ಮೂರು ಉಸಿರಿನಷ್ಟು ಹೊತ್ತು ಅದನ್ನೇ ಗಮನಿಸಿ. ಬಿಸಿಬಿಸಿ ಸಾರನ್ನ ತಿನ್ನುವಾಗ ಮೊದಲ ನಾಲ್ಕು ತುತ್ತು ಸುಮ್ನೆ ತಿನ್ನಿ, ಮೆಣಸಿನ ಖಾರ ಗಂಟಲಲ್ಲಿ ಇಳಿಯುವುದು ಗೊತ್ತಾಗಲಿ. ದಿನಕ್ಕೆ ಇಂಥ ಮೂರು ನಾಲ್ಕು ಗಳಿಗೆ ಸಿಕ್ಕರೆ ಅದೇ ಅಭ್ಯಾಸ.

ಹಾಲೂಡಿಸುವಾಗ ಹೇಗೆ ಮಾಡುವುದು?

ಹುಟ್ಟಿದ ಮಗು ದಿನಕ್ಕೆ 8ರಿಂದ 12 ಸಲ ಹಾಲು ಕುಡಿಯುತ್ತದೆ. ಅಷ್ಟು ಸಲ ನೀವು ಒಂದೇ ಕಡೆ ಕೂರಲೇಬೇಕು. ಇದಕ್ಕಿಂತ ಒಳ್ಳೆಯ ಹೊತ್ತು ಬಾಣಂತಿಗೆ ಇಲ್ಲ.

ಮೊದಲು ಬೆನ್ನಿಗೆ ದಿಂಬು ಕೊಡಿ. ಪಾದ ನೆಲಕ್ಕೆ ತಾಗಲಿ, ತಾಗದಿದ್ದರೆ ಒಂದು ಮಣೆ ಇಡಿ. ಮಗು ಬಾಯಿ ಹಾಕಿದ ಮೇಲೆ ನಿಮ್ಮ ಭುಜ ನೋಡಿಕೊಳ್ಳಿ. ನನ್ನದಂತೂ ಯಾವಾಗಲೂ ಕಿವಿಯ ಹತ್ತಿರಕ್ಕೆ ಏರಿರುತ್ತಿತ್ತು. ಉಸಿರು ಬಿಡುತ್ತಾ ಭುಜ ಇಳಿಬಿಡಿ. ಇನ್ನು ಕಿವಿ ಕೊಡಿ. ಮೊದಲು ಮಗು ಬೇಗ ಬೇಗ ಚೀಪುತ್ತದೆ, ಗುಟುಕು ಕೇಳುವುದಿಲ್ಲ. ಒಂದೆರಡು ನಿಮಿಷ ಕಳೆದು ಹಾಲು ಇಳಿಯುತ್ತದೆ. ಎದೆಯಲ್ಲಿ ಸಣ್ಣಗೆ ಜುಮ್ಮೆನ್ನುತ್ತದೆ, ಕೆಲವರಿಗೆ ಗೊತ್ತೇ ಆಗುವುದಿಲ್ಲ. ಆಗ ಚೀಪುವುದು ನಿಧಾನ ಆಗುತ್ತದೆ, ಗುಟುಕ್ ಅಂತ ನುಂಗುವ ಸದ್ದು ಬರುತ್ತದೆ. ಚೀಪು, ಗುಟುಕು, ಉಸಿರು. ಚೀಪು, ಗುಟುಕು, ಉಸಿರು. ನನ್ನ ಮಗಳ ಕಿವಿಯ ಮುಂದಿನ ಆ ಪುಟ್ಟ ಜಾಗ ಪ್ರತಿ ಗುಟುಕಿಗೂ ಅಲ್ಲಾಡುತ್ತಿತ್ತು. ನಾನು ಅದನ್ನೇ ನೋಡುತ್ತಾ ಕೂರುತ್ತಿದ್ದೆ. ಐದು ಗುಟುಕು ಎಣಿಸುವಷ್ಟರಲ್ಲಿ ಮನಸ್ಸು ಕರೆಂಟ್ ಬಿಲ್ ಕಡೆಗೆ ಹೋಗಿರುತ್ತಿತ್ತು. ಹೋಗಲಿ ಬಿಡಿ, ಮತ್ತೆ ಒಂದರಿಂದ ಎಣಿಸಿದರಾಯಿತು.

ಇದರ ಹಿಂದೆ ಕಾರಣವೂ ಇದೆ. ಹಾಲು ಇಳಿಸುವುದು ಆಕ್ಸಿಟೋಸಿನ್ ಅನ್ನುವ ಹಾರ್ಮೋನ್. ಗಾಬರಿ, ನೋವು, ಅವಸರ ಇದ್ದರೆ ಅದು ತಡವಾಗುತ್ತದೆ. ‘ಹಾಲು ಸಾಲುತ್ತಿಲ್ವಾ’ ಅಂತ ನಾಲ್ಕು ಜನ ಎದುರು ನಿಂತು ಕೇಳಿದಾಗ ಹಾಲು ಇಳಿಯದೇ ಇರುವುದು ಇದಕ್ಕೇ. ಆಗ ಬಾಗಿಲು ಹಾಕಿಕೊಳ್ಳಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಅಂದುಕೊಂಡರೂ ಪರವಾಗಿಲ್ಲ.

ತೊಟ್ಟು ಒಡೆದು ಉರಿಯುತ್ತಿದ್ದರೆ ಅದನ್ನು ‘ಗಮನಿಸುತ್ತಾ’ ಸಹಿಸಬೇಡಿ. ಹೆಚ್ಚಾಗಿ ಮಗು ಬಾಯಿ ಹಾಕಿದ ರೀತಿ ಸರಿಯಿರುವುದಿಲ್ಲ. ಆಸ್ಪತ್ರೆಯ ನರ್ಸ್ ಅಥವಾ ಹಾಲೂಡಿಸುವುದನ್ನು ಕಲಿಸುವವರಿಗೆ ತೋರಿಸಿ. ಬಾಟಲಿ ಹಾಲು ಕೊಡುವ ತಾಯಂದಿರೂ ಇದನ್ನೆಲ್ಲ ಹೀಗೇ ಮಾಡಬಹುದು. ತೋಳಿನಲ್ಲಿ ಮಗುವಿನ ಭಾರ, ಮೈಯ ಬಿಸಿ, ಗುಟುಕಿನ ಸದ್ದು ಅಲ್ಲೂ ಇದೆ.

ರಾತ್ರಿ ಮೂರು ಗಂಟೆಗೆ ಏನು ಮಾಡಲಿ? ಆಗಲೇ ಮನಸ್ಸು ಜಾಸ್ತಿ ಕೆಡೋದು.

ಆ ಹೊತ್ತಿಗೆ ಮನೆಯೆಲ್ಲ ಮಲಗಿರುತ್ತದೆ, ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಚಿಕ್ಕ ಯೋಚನೆಯೂ ಭೂತದ ಹಾಗೆ ಬೆಳೆಯುತ್ತದೆ. ಆಗ ಕಣ್ಣು ಮುಚ್ಚಿ ಮಾಡುವ ಅಭ್ಯಾಸ ಬೇಡ. ಮಗು ಕೈಯಲ್ಲಿರುವಾಗ ನಿದ್ದೆ ಹತ್ತಿಬಿಟ್ಟರೆ ಅಪಾಯ. ಅದರಲ್ಲೂ ಸೋಫಾದ ಮೇಲೆ ಕೂತು ಹಾಲೂಡಿಸುತ್ತಾ ನಿದ್ದೆಹೋಗುವುದು ತುಂಬಾ ಅಪಾಯ. ಕಣ್ಣು ತೆರೆದೇ ಇರಲಿ. ಝೀರೋ ಬಲ್ಬಿನ ಬೆಳಕಲ್ಲಿ ಕಾಣುವ ಮೂರು ವಸ್ತುಗಳನ್ನು ಮನಸ್ಸಲ್ಲೇ ಹೆಸರಿಸಿ. ಕೇಳುವ ಎರಡು ಸದ್ದು. ಮೈಗೆ ತಾಗುವ ಒಂದು. ‘ಬಾಗಿಲು, ಚೊಂಬು, ಸೀರೆಯ ಜೋಲಿ. ಫ್ಯಾನು, ನಾಯಿ. ಮಗುವಿನ ಕೆನ್ನೆ.’ ಇಷ್ಟು ಹೇಳುವಷ್ಟರಲ್ಲಿ ಯೋಚನೆಯ ಹಿಡಿತ ಸ್ವಲ್ಪ ಸಡಿಲ ಆಗುತ್ತದೆ.

ಮಗು ಮಲಗಿದ ಮೇಲೂ ನಿಮಗೆ ನಿದ್ದೆಯೇ ಬರುವುದಿಲ್ಲ, ದಿನಗಟ್ಟಲೆ ಹೀಗೇ ಇದೆ ಅಂದರೆ ಅದನ್ನು ಡಾಕ್ಟರಿಗೆ ಹೇಳಿ. ಮಗು ಎಬ್ಬಿಸುವುದು ಬೇರೆ, ಅವಕಾಶ ಇದ್ದರೂ ನಿದ್ದೆ ಬಾರದಿರುವುದು ಬೇರೆ.

ಎಣ್ಣೆ ಸ್ನಾನ, ಜೋಗುಳ, ಇವೆಲ್ಲ ಹಳೇ ಕಾಲದ್ದು ಅಂತಾರೆ. ಬಿಟ್ಟುಬಿಡಲಾ?

ಬಿಡಬೇಡಿ! ನನ್ನ ಮಟ್ಟಿಗೆ ಅವೇ ಅತಿ ಒಳ್ಳೆಯ ಅಭ್ಯಾಸಗಳು. ತವರಿನ ಬಚ್ಚಲಲ್ಲಿ ಮಣೆಯ ಮೇಲೆ ಕೂರಿಸಿ ನನಗೆ ನೀರು ಹಾಕುತ್ತಿದ್ದ ಅಜ್ಜಿ ಮಾತೇ ಆಡುತ್ತಿರಲಿಲ್ಲ. ಮೊದಲು ನೆತ್ತಿಗೆ ಬೆಚ್ಚನೆ ಎಣ್ಣೆ. ಅದು ಹಣೆಯ ಮೇಲಿಂದ ಹುಬ್ಬಿಗೆ ಇಳಿದು ನಿಲ್ಲುತ್ತಿತ್ತು. ಆಮೇಲೆ ಹಂಡೆಯಿಂದ ತಂಬಿಗೆ ತಂಬಿಗೆ ನೀರು ಸೊಂಟಕ್ಕೆ, ಬೆನ್ನಿಗೆ. ಒಲೆಯ ಹೊಗೆಯ ವಾಸನೆ, ಸೀಗೆಕಾಯಿಯ ವಾಸನೆ. ಆ ಇಪ್ಪತ್ತು ನಿಮಿಷ ಮಗುವಿನ ಕಡೆ ಬೇರೆಯವರು ನೋಡಿಕೊಳ್ಳುತ್ತಿದ್ದರು. ನಾನು ಮಾತ್ರ ಕಣ್ಣು ಬಿಗಿ ಮುಚ್ಚಿಕೊಂಡು ‘ಬೇಗ ಮುಗಿಯಲಿ, ಮಗು ಎದ್ದಿರಬಹುದು’ ಅಂತ ಚಡಪಡಿಸುತ್ತಿದ್ದೆ. ಕೈಗೆ ಸಿಕ್ಕಿದ್ದನ್ನು ಕಳೆದುಕೊಂಡೆ ಅಂತ ಈಗಲೂ ಅನಿಸುತ್ತದೆ. ನಿಮಗೆ ಆ ಸ್ನಾನ ಸಿಕ್ಕರೆ ಪ್ರತಿ ತಂಬಿಗೆ ನೀರು ಬೆನ್ನಿನ ಮೇಲೆ ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಅಂತ ನೋಡಿ. ಬೇರೆ ಏನೂ ಮಾಡಬೇಡಿ.

ಮೂರು ಎಚ್ಚರಿಕೆ. ಸಿಸೇರಿಯನ್ ಆಗಿದ್ದರೆ ಗಾಯಕ್ಕೆ ನೀರು, ಎಣ್ಣೆ ಯಾವಾಗ ತಾಗಿಸಬಹುದು ಅಂತ ಡಾಕ್ಟರನ್ನು ಕೇಳಿ. ಮತ್ತೆ ಮುಚ್ಚಿದ ಕೋಣೆಯಲ್ಲಿ ಕೆಂಡ, ಸಾಂಬ್ರಾಣಿ ಹೊಗೆ ಬೇಡ. ಹೊಗೆ ಮಗುವಿನ ಉಸಿರಿಗೆ ಒಳ್ಳೆಯದಲ್ಲ, ಕೆಂಡದಿಂದ ಬರುವ ಕಾರ್ಬನ್ ಮೋನಾಕ್ಸೈಡ್ ಅನಿಲ ಇಬ್ಬರ ಜೀವಕ್ಕೂ ಅಪಾಯ. ಬಾಣಂತಿಗೆ ನೀರು ಕಡಿಮೆ ಕೊಡುವ ಪದ್ಧತಿಯನ್ನೂ ಬಿಡಿ. ಹಾಲೂಡಿಸುವವರಿಗೆ ಬಾಯಾರಿಕೆ ಜಾಸ್ತಿ, ಕುಡಿಯಬೇಕು.

ಜೋಗುಳದ ವಿಷಯ ಹೇಳಲೇಬೇಕು. ಒಂದು ಸಾಲು ಹಾಡುವುದು ಅಂದರೆ ಉಸಿರನ್ನು ನಿಧಾನವಾಗಿ, ಉದ್ದಕ್ಕೆ ಬಿಡುವುದು. ಪ್ರಾಣಾಯಾಮದಲ್ಲೂ ಅದನ್ನೇ ಹೇಳಿಕೊಡುತ್ತಾರೆ. ರಾಗ ಬರುವುದಿಲ್ಲ ಅಂತ ಸಂಕೋಚ ಬೇಡ. ‘ಜೋ ಜೋ’ ಅಂದರೂ ಸಾಕು.

ನನಗೆ ಸಿಸೇರಿಯನ್ ಆಗಿದೆ. ಉಸಿರು ಎಳೆದರೇ ಹೊಲಿಗೆ ನೋಯುತ್ತದೆ.

ಹೊಟ್ಟೆಯವರೆಗೆ ಎಳೆಯಬೇಡಿ. ಎರಡೂ ಅಂಗೈ ಪಕ್ಕೆಲುಬಿನ ಮೇಲೆ ಇಟ್ಟು, ಉಸಿರು ಅಲ್ಲಿಗೆ ಬಂದು ಹೋಗುವುದನ್ನು ಮಾತ್ರ ನೋಡಿ. ಕೆಮ್ಮು, ಸೀನು ಬಂದಾಗ ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿಯಿರಿ. ಹಾಸಿಗೆಯಿಂದ ಏಳುವಾಗ ಪಕ್ಕಕ್ಕೆ ಹೊರಳಿ, ಕೈ ಊರಿ, ಉಸಿರು ಬಿಡುತ್ತಾ ಏಳಿ. ಗಾಯದ ಸುತ್ತ ಜೋಮು ಹಿಡಿದ ಹಾಗೆ ತಿಂಗಳುಗಟ್ಟಲೆ ಇರಬಹುದು. ನೋವಿನ ಮಾತ್ರೆ ತೆಗೆದುಕೊಂಡರೆ ಸೋತ ಹಾಗೆ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ನೋವು ಹತೋಟಿಗೆ ಬಂದರೆ ತಾನೇ ಮಗುವನ್ನು ಎತ್ತಿಕೊಳ್ಳೋಕಾಗುವುದು.

ಕಾರಣವೇ ಇಲ್ಲದೆ ಅಳು ಬರುತ್ತದೆ. ಇದು ಮಾಮೂಲಾ?

ಹೆರಿಗೆಯಾಗಿ ಮೂರನೇ ನಾಲ್ಕನೇ ದಿನದ ಹೊತ್ತಿಗೆ ಬಹಳಷ್ಟು ತಾಯಂದಿರಿಗೆ ಹೀಗಾಗುತ್ತದೆ. ಮಾಸು ಬಿದ್ದ ಮೇಲೆ ಈಸ್ಟ್ರೋಜೆನ್, ಪ್ರೊಜೆಸ್ಟರಾನ್ ಹಾರ್ಮೋನ್‌ಗಳು ಥಟ್ಟನೆ ಇಳಿಯುತ್ತವೆ. ಅದೇ ಹೊತ್ತಿಗೆ ಎದೆ ಕಟ್ಟುತ್ತದೆ, ನಿದ್ದೆ ಇರುವುದಿಲ್ಲ, ಮನೆ ತುಂಬಾ ಜನ. ಅಳು ಬಂದರೆ ಅಳಿ. ‘ಬಾಣಂತಿ ಅಳಬಾರದು, ಕಣ್ಣು ಹಾಳಾಗುತ್ತದೆ’ ಅಂತ ನನಗೂ ಹೇಳಿದ್ದರು. ಅಳುವುದರಿಂದ ಕಣ್ಣು ಹಾಳಾಗುವುದಿಲ್ಲ. ಈ ಅಳು ಎರಡು ವಾರದೊಳಗೆ ತಾನಾಗಿಯೇ ಕಡಿಮೆ ಆಗುತ್ತದೆ.

ಎರಡು ವಾರ ಕಳೆದರೂ ಕಡಿಮೆ ಆಗದಿದ್ದರೆ?

ಆಗ ಸಹಾಯ ಬೇಕು ಅಂತ ಅರ್ಥ. ಬೇಜಾರು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಮಗುವಿನ ಮೇಲೆ ಏನೂ ಅನಿಸದಿರುವುದು, ನಾನು ಕೆಟ್ಟ ತಾಯಿ ಅನ್ನುವ ಯೋಚನೆ, ಊಟ ಸೇರದಿರುವುದು, ಎದೆ ಡವಗುಟ್ಟುವ ಗಾಬರಿ. ಭಾರತದಲ್ಲಿ ನಡೆದ 38 ಅಧ್ಯಯನಗಳನ್ನು ಒಟ್ಟಿಗೆ ನೋಡಿದ ಒಂದು ವರದಿ 2017ರಲ್ಲಿ ಬಂತು. ಅದರ ಪ್ರಕಾರ ಸುಮಾರು ಶೇ 22 ತಾಯಂದಿರಿಗೆ, ಅಂದರೆ ಐವರಲ್ಲಿ ಒಬ್ಬರಿಗಿಂತ ಜಾಸ್ತಿ ಜನರಿಗೆ, ಹೆರಿಗೆ ನಂತರದ ಖಿನ್ನತೆ ಕಾಣಿಸಿಕೊಳ್ಳುತ್ತದೆ. ನಿಮ್ಮ ಓಣಿಯಲ್ಲೂ ಇಂಥವರು ಇದ್ದಾರೆ, ಹೇಳಿಕೊಂಡಿರುವುದಿಲ್ಲ ಅಷ್ಟೇ.

ಇದನ್ನು ಗುರುತಿಸಲು ‘ಎಡಿನ್‌ಬರೊ’ ಪ್ರಶ್ನಾವಳಿ ಅಂತ ಇದೆ. 1987ರಲ್ಲಿ ಬಂದದ್ದು. ಹತ್ತೇ ಪ್ರಶ್ನೆ, ಕಳೆದ ಏಳು ದಿನ ಹೇಗನಿಸಿತು ಅಂತ ಕೇಳುತ್ತದೆ. ಕನ್ನಡದಲ್ಲೂ ಬಳಸುತ್ತಾರೆ. ಹೆರಿಗೆ ಡಾಕ್ಟರನ್ನು ಕೇಳಿ. ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ 3, 7, 14, 21, 28 ಮತ್ತು 42ನೇ ದಿನ ಆಶಾ ಕಾರ್ಯಕರ್ತೆ ಮನೆಗೆ ಬರಬೇಕು. ಅವರು ಮಗುವಿನ ತೂಕ ನೋಡುವಾಗ ‘ನನಗೂ ಸರಿ ಅನಿಸ್ತಿಲ್ಲ’ ಅಂತ ಒಂದು ಮಾತು ಹೇಳಿ.

ಫೋನಿನಲ್ಲೇ ಮಾತಾಡಬೇಕು ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416. ಹಗಲು ರಾತ್ರಿ, ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ಕೊಡುವ ವಿಭಾಗ 2009ರಿಂದ ಇದೆ. ‘ಮಗುವನ್ನು ನನ್ನಿಂದ ದೂರ ಮಾಡ್ತಾರೆ’ ಅನ್ನುವ ಹೆದರಿಕೆಯಲ್ಲೇ ಬಾಯಿ ಬಿಡದವರು ತುಂಬಾ ಜನ, ಅದಕ್ಕೇ ಇದನ್ನು ಒತ್ತಿ ಹೇಳುತ್ತಿದ್ದೇನೆ. ಹಾಲೂಡಿಸುತ್ತಲೇ ತೆಗೆದುಕೊಳ್ಳಬಹುದಾದ ಔಷಧಿಗಳೂ ಇವೆ. ಮೈಂಡ್‌ಫುಲ್‌ನೆಸ್ ಇವುಗಳ ಜೊತೆಗೆ ಇರಲಿ, ಇವುಗಳ ಬದಲಿಗೆ ಬೇಡ.

ಮಗುವಿಗೆ ಏನೋ ಆಗಿಬಿಡುತ್ತದೆ, ನಾನೇ ಏನೋ ಮಾಡಿಬಿಡುತ್ತೇನೆ ಅನ್ನುವ ಕೆಟ್ಟ ಯೋಚನೆ ಬರುತ್ತದೆ. ಯಾರಿಗೆ ಹೇಳಲಿ?

ನನಗೂ ಬಂದಿತ್ತು. ಮಹಡಿ ಮೆಟ್ಟಿಲಲ್ಲಿ ಮಗು ಕೈಜಾರಿ ಬೀಳುವ ಚಿತ್ರ, ದಿನಕ್ಕೆ ಹತ್ತು ಸಲ. ಹೊಸ ತಾಯಂದಿರಲ್ಲಿ ಇದು ತುಂಬಾ ಸಾಮಾನ್ಯ. ಬೇಡದ ಯೋಚನೆ ಬಂದು ನಿಮಗೆ ಅದರ ಮೇಲೆ ಅಸಹ್ಯ, ಹೆದರಿಕೆ ಆಗುತ್ತಿದೆ ಅಂದರೆ ಅದು ನಿಮ್ಮ ಇಷ್ಟ ಅಲ್ಲ. ‘ಇದು ಯೋಚನೆ, ಬಂತು’ ಅಂತ ಮನಸ್ಸಲ್ಲೇ ಹೇಳಿ, ಕೈಯಲ್ಲಿರುವ ಕೆಲಸಕ್ಕೆ ಮರಳಿ. ಓಡಿಸಲು ಹೊರಟರೆ ಅದು ಇನ್ನೂ ಜಾಸ್ತಿ ಬರುತ್ತದೆ. ಯೋಚನೆ ಬಿಡದೆ ಕಾಡುತ್ತಿದ್ದರೆ, ಅದಕ್ಕೆ ಹೆದರಿ ಮಗುವನ್ನು ಎತ್ತಿಕೊಳ್ಳುವುದನ್ನೇ ಬಿಟ್ಟಿದ್ದರೆ ಡಾಕ್ಟರಿಗೆ ಹೇಳಿ, ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ.

ಇದಕ್ಕಿಂತ ಬೇರೆಯದೇ ಒಂದು ಸ್ಥಿತಿ ಇದೆ. ನಮ್ಮ ಕಡೆ ಬಾಣಂತಿ ಸನ್ನಿ ಅನ್ನುತ್ತಾರೆ. ಸಾವಿರ ಹೆರಿಗೆಗೆ ಒಬ್ಬಿಬ್ಬರಿಗೆ, ಹೆಚ್ಚಾಗಿ ಮೊದಲ ಎರಡು ವಾರದಲ್ಲಿ ಬರುತ್ತದೆ. ಇಲ್ಲದ ಧ್ವನಿ ಕೇಳುವುದು, ನಿದ್ದೆಯೇ ಬೇಡ ಅನಿಸುವುದು, ಮಗುವಿನ ಬಗ್ಗೆ ವಿಚಿತ್ರ ನಂಬಿಕೆ, ಮಾತು ಹಿಡಿತ ತಪ್ಪುವುದು. ಆಗ ಮಂತ್ರ ಹಾಕಿಸಲು ಹೋಗಬೇಡಿ, ಧ್ಯಾನವನ್ನೂ ಮಾಡಿಸಬೇಡಿ. ತಾಯಿಯನ್ನು ಒಬ್ಬಳೇ ಬಿಡದೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸಾಯಬೇಕು ಅನ್ನುವ ಯೋಚನೆ ಬಂದರೂ ಹಾಗೇ, ಅದೇ ದಿನ.

ಕಣ್ಣು ಮುಚ್ಚಿದರೆ ಹೆರಿಗೆ ಕೋಣೆಯೇ ಎದುರಿಗೆ ಬರುತ್ತದೆ.

ಹಾಗಿದ್ದರೆ ಕಣ್ಣು ಮುಚ್ಚಬೇಡಿ, ಉಸಿರಿನ ಮೇಲೂ ಗಮನ ಬೇಡ. ಕಷ್ಟದ ಹೆರಿಗೆಯಾದವರಿಗೆ ಮೈಯ ಒಳಗಡೆ ಗಮನ ಕೊಟ್ಟರೆ ಭಯ ಹೆಚ್ಚಬಹುದು. ಹೊರಗಿನದನ್ನು ಹಿಡಿಯಿರಿ. ತಣ್ಣನೆ ನೆಲಕ್ಕೆ ಅಂಗಾಲು ಒತ್ತಿ. ಕಿಟಕಿಯಾಚೆ ತೆಂಗಿನ ಗರಿ ಅಲ್ಲಾಡುವುದನ್ನು ನೋಡಿ. ಒಂದು ತಿಂಗಳಾದರೂ ನೆನಪು ಬಿಡದಿದ್ದರೆ ಮನೋವೈದ್ಯರನ್ನು ಅಥವಾ ಆಪ್ತ ಸಮಾಲೋಚಕರನ್ನು ಕಾಣಿ.

ಮಗು ಅಳು ನಿಲ್ಲಿಸುವುದೇ ಇಲ್ಲ. ಸಿಟ್ಟು ನೆತ್ತಿಗೇರುತ್ತದೆ.

ಮಗುವನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಕೋಣೆಯಿಂದ ಆಚೆ ಬನ್ನಿ. ಐದು ನಿಮಿಷ ಅತ್ತರೆ ಮಗುವಿಗೆ ಏನೂ ಆಗುವುದಿಲ್ಲ. ಸಿಟ್ಟಿನಲ್ಲಿ ಕುಲುಕಿದರೆ ಮಿದುಳಿಗೇ ಏಟಾಗಬಹುದು. ಮುಖಕ್ಕೆ ತಣ್ಣೀರು ಹಾಕಿಕೊಳ್ಳಿ, ಹತ್ತು ಉಸಿರು ಎಣಿಸಿ, ಯಾರನ್ನಾದರೂ ಕರೆಯಿರಿ. ಸಿಟ್ಟು ಬಂದದ್ದು ತಪ್ಪಲ್ಲ.

ಬಂದವರೆಲ್ಲ ಒಂದೊಂದು ಹೇಳುತ್ತಾರೆ. ಮಗು ಕಪ್ಪು, ಮಗು ಸಣ್ಣ, ಹೊಟ್ಟೆ ಕಟ್ಟಿಲ್ವಾ...

ಮಾತು ಕಿವಿಗೆ ಬಿದ್ದಾಗ ಮೈಯಲ್ಲಿ ಎಲ್ಲಿ ಬಿಗಿಯಾಯಿತು ಅಂತ ನೋಡಿ. ಗಂಟಲಾ, ಹೊಟ್ಟೆಯಾ? ಅಲ್ಲಿಗೆ ಒಂದು ಉಸಿರು. ಅಷ್ಟು ಹೊತ್ತು ಸಿಕ್ಕರೆ ‘ಹೌದಾ ಅತ್ತೆ’ ಅಂತ ಹೇಳಿ ಸುಮ್ಮನಾಗಲೂಬಹುದು, ‘ಮಗುಗೆ ಹಾಲು ಕೊಡಬೇಕು’ ಅಂತ ಏಳಲೂಬಹುದು. ನನ್ನ ಎರಡನೇ ಬಾಣಂತನದಲ್ಲಿ ಬಂದವರನ್ನು ಎದುರುಗೊಳ್ಳುವ ಕೆಲಸ ಗಂಡ ವಹಿಸಿಕೊಂಡರು. ಯಾವ ಧ್ಯಾನಕ್ಕಿಂತಲೂ ಅದೇ ನನಗೆ ಹೆಚ್ಚು ಉಪಕಾರ ಮಾಡಿತು.

ಗಂಡ, ಅಮ್ಮ, ಅತ್ತೆ ಏನು ಮಾಡಬಹುದು?

ದಿನಕ್ಕೆ ಒಂದು ಸಲ, ಒಂದೂವರೆ ಎರಡು ಗಂಟೆ, ಮಗುವನ್ನು ನೋಡಿಕೊಂಡು ತಾಯಿಯನ್ನು ಮಲಗಲು ಬಿಡಿ. ‘ಮಗು ಹಾಲು ಕುಡೀತಾ’ ಅಂತ ಕೇಳುವ ಮೊದಲು ‘ನಿನಗೆ ಹೇಗಿದೆ’ ಅಂತ ಕೇಳಿ. ಉತ್ತರ ಬರುವವರೆಗೆ ಅಲ್ಲೇ ಕೂರಿ.

ಯಾವಾಗಲೂ ಸುಸ್ತು. ಧ್ಯಾನ ಮಾಡಿದರೂ ಹೋಗುತ್ತಿಲ್ಲ.

ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ. ರಕ್ತ ಕಡಿಮೆ ಇದ್ದರೆ ಉಸಿರು ಎಣಿಸಿ ಪ್ರಯೋಜನ ಇಲ್ಲ. ಆಸ್ಪತ್ರೆಯಲ್ಲಿ ಕೊಟ್ಟ ಕಬ್ಬಿಣದ ಮಾತ್ರೆಯನ್ನು ಹೆರಿಗೆಯ ನಂತರವೂ 180 ದಿನ ತೆಗೆದುಕೊಳ್ಳಬೇಕು. ತುಂಬಾ ಜನ ಆಸ್ಪತ್ರೆಯಿಂದ ಬಂದ ವಾರಕ್ಕೇ ಬಿಟ್ಟುಬಿಡುತ್ತಾರೆ. ಇನ್ನು ಗಂಟೆಗೊಂದು ಪ್ಯಾಡ್ ನೆನೆಯುವಷ್ಟು ರಕ್ತಸ್ರಾವ, ಜ್ವರ, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಒಂದೇ ಕಾಲು ಊದಿ ನೋಯುವುದು, ಉಸಿರಾಟಕ್ಕೆ ಕಷ್ಟ, ಇವು ಬಂದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ.

ನಾನು ಅಮೆರಿಕದಲ್ಲಿದ್ದೇನೆ. ಅಮ್ಮ ಬಂದು ವಾಪಸ್ ಹೋದರು. ಮನೆ ಬಿಕೋ ಅನ್ನುತ್ತಿದೆ.

ಆ ದಿನಗಳು ನಿಜಕ್ಕೂ ಕಷ್ಟ. ಅಮ್ಮನ ಜೊತೆ ವಿಡಿಯೊ ಕಾಲ್ ಮಾಡುವ ಹೊತ್ತನ್ನು ನಿಗದಿ ಮಾಡಿಕೊಳ್ಳಿ. ಅವರು ಮಾತಾಡಲೇಬೇಕು ಅಂತಿಲ್ಲ, ಅವರು ಅಲ್ಲಿ ಸೊಪ್ಪು ಬಿಡಿಸಲಿ, ನೀವು ಇಲ್ಲಿ ಹಾಲೂಡಿಸಿ. ದಿನಕ್ಕೊಮ್ಮೆ ಮಗುವನ್ನು ಎತ್ತಿಕೊಂಡು ಹೊರಗೆ ನಾಲ್ಕು ಹೆಜ್ಜೆ ನಡೆಯಿರಿ. ಅಮೆರಿಕದಲ್ಲಿ ತಾಯಂದಿರಿಗೆಂದೇ 2022ರಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ ಇದೆ, ನಂಬರ್ 1-833-852-6262.

ಕೆಲಸಕ್ಕೆ ಹೋಗಲು ಶುರು ಮಾಡಿದ ಮೇಲೆ ಇದೆಲ್ಲ ನಿಂತುಹೋಗುತ್ತದಲ್ಲ?

2017ರ ತಿದ್ದುಪಡಿಯ ನಂತರ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ರಜೆ ಕಾನೂನಿನಲ್ಲಿದೆ. ಆ ಕಾನೂನು ಅನ್ವಯಿಸದ ಕಡೆ ದುಡಿಯುವ ಹೆಣ್ಣುಮಕ್ಕಳು ಇದಕ್ಕೂ ಎಷ್ಟೋ ಮೊದಲೇ ಕೆಲಸಕ್ಕೆ ಇಳಿಯುತ್ತಾರೆ. ಮೊದಲ ವಾರ ಎದೆ ಭಾರ, ಮನಸ್ಸೂ ಭಾರ. ನಾನು ಒಂದು ಸಣ್ಣ ಅಭ್ಯಾಸ ಇಟ್ಟುಕೊಂಡಿದ್ದೆ. ಸಂಜೆ ಮನೆಗೆ ಬಂದು ಚಪ್ಪಲಿ ಬಿಟ್ಟು, ಕೈಕಾಲು ತೊಳೆಯುವಾಗ ನೀರು ಮೊಣಕೈಯಿಂದ ಬೆರಳಿನವರೆಗೆ ಇಳಿಯುವುದನ್ನು ನೋಡುತ್ತಿದ್ದೆ. ಆಫೀಸು ಅಲ್ಲಿಗೆ ಮುಗಿಯುತ್ತಿತ್ತು. ಅಷ್ಟರಲ್ಲಿ ಒಳಗಿಂದ ಮಗಳು ನನ್ನ ಸದ್ದು ಹಿಡಿದು ಕಿರುಚುತ್ತಿದ್ದಳು. ಟವೆಲಿಗೂ ಕಾಯದೆ, ಒದ್ದೆ ಕೈಯಲ್ಲೇ ಎತ್ತಿಕೊಳ್ಳುತ್ತಿದ್ದೆ.